ಗಂಡ ಹೆಂಡಿರ ಜಗಳ ಸರಿ, ಕೂಸು ಯಾಕೆ ಬಡವಾಗಬೇಕು?

"ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು." ಈ ಗಾದೆಯನ್ನ ನಾವು ಬಹಳಷ್ಟು ಜನ ಹೈಸ್ಕೂಲಲ್ಲಿ ವಿಸ್ತರಿಸಿ ಬರೆದು ಅಂಕ ತಗೊಂಡಿದ್ದೀವಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರಿಗೂ ಕನ್ನಡ ಪೇಪರ್‌ನಲ್ಲಿ ಇದು ಗ್ಯಾರಂಟಿ ಗಾದೆ. ಆದರೆ ಇವತ್ತು ಕ್ಯಾಂಟೀನಲ್ಲಿ ಡಿವೋರ್ಸ್ ವಿಷಯ ಬಂದರೆ ಮಾತು ಎಲ್ಲಿಗೆ ಹೋಗುತ್ತೆ ನೋಡಿ. ಯಾರೋ ಒಂದು ರೀಲ್ ತೋರಿಸ್ತಾರೆ, ಅದರಲ್ಲಿ ಯಾರಿಗೋ ಎಷ್ಟೋ ಲಕ್ಷ ಜೀವನಾಂಶ. ಹುಡುಗರ ಟೇಬಲ್ "ಕಾನೂನು ಪೂರ್ತಿ ಹೆಂಗಸರ ಪರ" ಅನ್ನುತ್ತೆ. ಹುಡುಗಿಯರ ಟೇಬಲ್ "ಕೋರ್ಟ್ ಹೇಳಿದ ದುಡ್ಡನ್ನ ಎಷ್ಟು ಜನ ಗಂಡಸರು ಕೊಡ್ತಾರೆ ಹೇಳಿ" ಅಂತ ಕೇಳುತ್ತೆ. ಟೀ ಆರೋವರೆಗೂ ವಾದ ನಡೆಯುತ್ತೆ. ಆ ವಾದದಲ್ಲಿ ಕೂಸಿನ ಹೆಸರು ಒಂದು ಸಲವೂ ಬರಲ್ಲ.

ಕೂಸು ಅಂದರೆ ಬೇರೆ ಯಾರೋ ಅಲ್ಲ. ನಮ್ಮ ಸೆಕ್ಷನ್‌ನಲ್ಲೇ ಯುಗಾದಿ ಅಮ್ಮನ ಮನೆಯಲ್ಲಿ, ದೀಪಾವಳಿ ಅಪ್ಪನ ಮನೆಯಲ್ಲಿ ಮಾಡೋರು ಇದ್ದಾರೆ. ಫಾರಂನಲ್ಲಿ "ತಂದೆಯ ಹೆಸರು" ಅನ್ನೋ ಕಾಲಂ ಹತ್ತಿರ ಪೆನ್ನು ಎರಡು ಸೆಕೆಂಡ್ ನಿಲ್ಲಿಸೋರು ಇದ್ದಾರೆ. ಅವರಲ್ಲಿ ಹೆಚ್ಚಿನವರು ಈ ವಿಷಯ ಯಾರ ಹತ್ತಿರವೂ ಮಾತಾಡಲ್ಲ.

ನಾವು ಇಲ್ಲಿ ಹೇಳೋಕೆ ಹೊರಟಿರೋದು ಒಂದೇ ಮಾತು. ಅಪ್ಪ-ಅಮ್ಮ ಬೇರೆಯಾದಾಗ "ಮಗು ಯಾರಿಗೆ ಸೇರಬೇಕು" ಅಂತ ಕೇಳೋದನ್ನ ಬಿಟ್ಟು "ಮಗುವಿಗೆ ಏನೇನು ಸೇರಬೇಕು" ಅಂತ ಕೇಳೋಣ. ಮತ್ತೆ ಆ ಲೆಕ್ಕ ಹದಿನೆಂಟನೇ ಹುಟ್ಟುಹಬ್ಬದ ದಿನ ಕ್ಲೋಸ್ ಆಗಬಾರದು.

ಮರಳು ಲಾರಿಯೂ ವಶಕ್ಕೆ, ಮಗುವೂ ವಶಕ್ಕೆ

ನಮ್ಮದು ಕನ್ನಡ ಸಂಘದ ಪತ್ರಿಕೆ ಆದ್ದರಿಂದ ಮೊದಲು ಪದದಿಂದಲೇ ಶುರು ಮಾಡೋಣ. ಪೇಪರ್‌ನಲ್ಲಿ "ಮಗುವನ್ನು ತಾಯಿಯ ವಶಕ್ಕೆ ಒಪ್ಪಿಸಲಾಯಿತು" ಅಂತ ಬರುತ್ತೆ. ಅದೇ ಪುಟದ ಕೆಳಗೆ "ಅಕ್ರಮ ಮರಳು ಲಾರಿ ಪೊಲೀಸರ ವಶಕ್ಕೆ" ಅಂತ ಇರುತ್ತೆ. ಕೋರ್ಟಿನ ಕನ್ನಡದಲ್ಲಿ "ಸುಪರ್ದಿ" ಅಂತಾರೆ, ಅದೂ ವಸ್ತು ಒಪ್ಪಿಸೋ ಪದವೇ. ಇಂಗ್ಲಿಷ್‌ನ "ಕಸ್ಟಡಿ"ಗೂ ಇದೇ ಗತಿ: ಕಳ್ಳನಿಗೂ ಕಸ್ಟಡಿ, ಮಗುವಿಗೂ ಕಸ್ಟಡಿ. ಪದ ಹೀಗಿದ್ದರೆ ಯೋಚನೆಯೂ ಹೀಗೇ ಇರುತ್ತೆ. ಯಾರೋ ಗೆದ್ದರು, ಯಾರೋ ಸೋತರು, ಗೆದ್ದವರು ಮಗುವನ್ನ ಮನೆಗೆ ತಗೊಂಡು ಹೋದರು.

ಸುಪ್ರೀಂ ಕೋರ್ಟ್ 1973ರಲ್ಲೇ ರೋಸಿ ಜೇಕಬ್ ಪ್ರಕರಣದಲ್ಲಿ ಮಕ್ಕಳು ಅಪ್ಪ-ಅಮ್ಮನ ಸ್ವತ್ತೂ ಅಲ್ಲ, ಆಟದ ಸಾಮಾನೂ ಅಲ್ಲ ಎಂಬರ್ಥದ ಮಾತು ಹೇಳಿತ್ತು. ಅಂದರೆ ಐವತ್ತು ವರ್ಷದ ಹಿಂದೆಯೇ ಕೋರ್ಟಿಗೆ ಗೊತ್ತಿದ್ದದ್ದು ನಮ್ಮ ಪೇಪರ್ ಭಾಷೆಗೆ ಇನ್ನೂ ಮುಟ್ಟಿಲ್ಲ.

ಕಾಯ್ದೆಗಳು ಏನು ಹೇಳುತ್ತವೆ ಅಂತ ಒಂದು ಪ್ಯಾರಾದಲ್ಲಿ ಮುಗಿಸ್ತೀವಿ, ಓಡಿ ಹೋಗಬೇಡಿ. ಎಲ್ಲ ಧರ್ಮದವರಿಗೂ ಅನ್ವಯಿಸೋದು 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆ. ಅದು ಬ್ರಿಟಿಷರ ಕಾಲದ್ದು, ಇವತ್ತಿಗೂ ಚಾಲ್ತಿಯಲ್ಲಿದೆ. ಹಿಂದೂಗಳಿಗೆ ಅದರ ಜೊತೆ 1956ರ ಅಪ್ರಾಪ್ತ ವಯಸ್ಸು ಮತ್ತು ಪೋಷಕತ್ವ ಕಾಯ್ದೆ ಇದೆ. ಅದರ 6ನೇ ಸೆಕ್ಷನ್ ಪ್ರಕಾರ ಸ್ವಾಭಾವಿಕ ಪೋಷಕರು "ತಂದೆ, ಅವರ ನಂತರ ತಾಯಿ". ಐದು ವರ್ಷ ತುಂಬದ ಮಗು ಮಾತ್ರ ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು. 13ನೇ ಸೆಕ್ಷನ್ ಮಾತ್ರ ಬಹಳ ಒಳ್ಳೇದು: ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು. "ನಂತರ" ಅನ್ನೋ ಪದದ ಮೇಲೆ ಲೇಖಕಿ ಗೀತಾ ಹರಿಹರನ್ ರಿಸರ್ವ್ ಬ್ಯಾಂಕಿನ ವಿರುದ್ಧ ಕೋರ್ಟಿಗೆ ಹೋದರು. ಮಗನ ಹೆಸರಲ್ಲಿ ಬಾಂಡ್ ತಗೊಳ್ಳೋಕೆ ಹೋದಾಗ ತಾಯಿಯ ಸಹಿ ಸಾಲದು, ತಂದೆಯ ಸಹಿ ಬೇಕು ಅಂದಿದ್ದರು. 1999ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಏನಂದರೆ, "ನಂತರ" ಅಂದರೆ ತಂದೆ ಸತ್ತ ಮೇಲೆ ಅಂತಲೇ ಅಲ್ಲ. ತಂದೆ ಮಗುವಿನ ಜವಾಬ್ದಾರಿಯಲ್ಲಿ ಇಲ್ಲದಿದ್ದರೆ ತಾಯಿಯೇ ಪೋಷಕಿ. ಒಂದು ಪದ ಸರಿಮಾಡೋಕೆ 43 ವರ್ಷ ಬೇಕಾಯ್ತು. ಆದರೂ ಕಾಯ್ದೆಯ ಪುಸ್ತಕದಲ್ಲಿ ಆ ಪದ ಹಾಗೇ ಇದೆ. ಕೌಂಟರ್‌ಗಳಲ್ಲಿ "ಅಪ್ಪನ ಸೈನ್ ಎಲ್ಲಿ?" ಅನ್ನೋ ಪ್ರಶ್ನೆಯೂ ಹಾಗೇ ಇದೆ.

ಆರು ತಿಂಗಳು ಅಪ್ಪ, ಆರು ತಿಂಗಳು ಅಮ್ಮ

ಈ ವಿಷಯದಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ 2013ರಲ್ಲಿ ಒಂದು ದೊಡ್ಡ ಹೆಜ್ಜೆ ಇಟ್ಟಿತ್ತು. ಒಂದು ಮಗುವಿನ ಪ್ರಕರಣದಲ್ಲಿ ಸುಪರ್ದಿಯನ್ನ ಒಬ್ಬರಿಗೇ ಕೊಡದೆ ಇಬ್ಬರಿಗೂ ಹಂಚಿತು. ಪ್ರತಿ ವರ್ಷ ಜನವರಿ 1ರಿಂದ ಜೂನ್ 30ರವರೆಗೆ ಅಪ್ಪನ ಜೊತೆ, ಜುಲೈ 1ರಿಂದ ಡಿಸೆಂಬರ್ 31ರವರೆಗೆ ಅಮ್ಮನ ಜೊತೆ. ಶನಿವಾರ-ಭಾನುವಾರ ಇನ್ನೊಬ್ಬರು ಬಂದು ನೋಡಬಹುದು. ಫೋನ್, ವಿಡಿಯೋ ಕಾಲ್‌ಗೆ ಅಡ್ಡಿ ಮಾಡೋ ಹಾಗಿಲ್ಲ. ಓದಿನ ಖರ್ಚು ಇಬ್ಬರಿಗೂ ಸಮಪಾಲು. ಕಾಯ್ದೆಯಲ್ಲಿ "ಜಂಟಿ ಸುಪರ್ದಿ" ಅನ್ನೋ ಪದವೇ ಇಲ್ಲದಿದ್ದರೂ ಮಗುವಿನ ಬೆಳವಣಿಗೆಗೆ ಇಬ್ಬರೂ ಬೇಕು ಅಂತ ಕೋರ್ಟ್ ದಾರಿ ಹುಡುಕಿತು. ಮುಂದೆ 2015ರಲ್ಲಿ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ ಈ ತೀರ್ಪನ್ನ ಉಲ್ಲೇಖಿಸಿ, ಜಂಟಿ ಸುಪರ್ದಿಯನ್ನ ಕಾಯ್ದೆಯಲ್ಲೇ ಸೇರಿಸಿ ಅಂತ ಶಿಫಾರಸು ಮಾಡಿತು.

ತೀರ್ಪಿನ ಮನಸ್ಸು ನಮಗೆ ತುಂಬ ಇಷ್ಟ. ಆದರೆ ಅದೇ ಟೈಮ್‌ಟೇಬಲ್ ಎಲ್ಲರಿಗೂ ಹೊಂದುತ್ತೆ ಅಂತ ನಮಗೆ ಅನ್ನಿಸಲ್ಲ. ನಮ್ಮ ರಾಜ್ಯದ ಶಾಲೆಗಳು ಶುರುವಾಗೋದು ಬೇಸಿಗೆ ರಜೆ ಮುಗಿದ ಮೇಲೆ, ಪರೀಕ್ಷೆ ನಡೆಯೋದು ಮಾರ್ಚ್ ಹೊತ್ತಿಗೆ. ಜನವರಿಗೆ ಮನೆ ಬದಲಾದರೆ ಅರ್ಧ ವರ್ಷದ ನಡುವೆ, ಪರೀಕ್ಷೆಗೆ ಎರಡು-ಮೂರು ತಿಂಗಳು ಇರೋವಾಗ ಬ್ಯಾಗು ಹೊತ್ತು ಹೊರಡಬೇಕು. ಎರಡೂ ಮನೆ ಒಂದೇ ಬಡಾವಣೆಯಲ್ಲಿದ್ದರೆ ಪರವಾಗಿಲ್ಲ. ಒಂದು ಜಯನಗರದಲ್ಲಿ, ಇನ್ನೊಂದು ಕನಕಪುರದಲ್ಲಿ ಇದ್ದರೆ? ಅಪ್ಪನಿಗೆ ಆರು, ಅಮ್ಮನಿಗೆ ಆರು ಅನ್ನೋದು ಅಪ್ಪ-ಅಮ್ಮನ ಮಟ್ಟಿಗೆ ಸಮ. ಸ್ಕೂಲ್ ಬ್ಯಾಗಿನ ಮಟ್ಟಿಗೆ ಸಮ ಅಲ್ಲ.

ಇನ್ನೊಂದು ಮಾತನ್ನ ಇಲ್ಲೇ ಹೇಳಿಬಿಡಬೇಕು. ಮನೆಯಲ್ಲಿ ಹೊಡೆತ-ಬಡಿತ ಇದ್ದ ಕಡೆ "ಇಬ್ಬರೂ ಬೇಕು" ಅನ್ನೋ ಸೂತ್ರ ನಡೆಯಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಇದಕ್ಕೆ ದಾರಿ ಇದೆ. ಮಗುವಿನ ತಾತ್ಕಾಲಿಕ ಸುಪರ್ದಿಯನ್ನ ದೂರು ಕೊಟ್ಟ ತಾಯಿಗೆ ಕೊಡಬಹುದು, ಭೇಟಿಯಿಂದ ಮಗುವಿಗೆ ಹಾನಿ ಅನ್ನಿಸಿದರೆ ಮ್ಯಾಜಿಸ್ಟ್ರೇಟ್ ಭೇಟಿಯನ್ನೇ ನಿರಾಕರಿಸಬಹುದು. ಹಾಗಾಗಿ ಜಂಟಿ ಸುಪರ್ದಿ ಅಂದರೆ ಎಲ್ಲರಿಗೂ ಒಂದೇ ಸೈಜ್ ಯೂನಿಫಾರ್ಮ್ ಅಂತ ನಾವು ಹೇಳ್ತಿಲ್ಲ.

ಹಾರೋಹಳ್ಳಿಯ ಶಿಫ್ಟ್‌ಗೆ ಭಾನುವಾರ ಗೊತ್ತಿಲ್ಲ

ಈಗ ನಮ್ಮ ಪಕ್ಕದ ಊರಿಗೆ ಬರೋಣ. ಹಾರೋಹಳ್ಳಿ ಕೈಗಾರಿಕಾ ಪ್ರದೇಶ ನಮಗೆ ಇಂಡಸ್ಟ್ರಿಯಲ್ ವಿಸಿಟ್‌ಗೆ ಗೊತ್ತು, ಇಂಟರ್ನ್‌ಶಿಪ್ ಸಿಗುತ್ತಾ ಅಂತ ಕೇಳೋಕೆ ಗೊತ್ತು. ಕನಕಪುರ ರಸ್ತೆಯಲ್ಲಿ ಬೆಳಗಿನ ಜಾವ ನಮ್ಮ ಕಾಲೇಜ್ ಬಸ್‌ಗಿಂತ ಮೊದಲು ಓಡೋದು ಅಲ್ಲಿನ ಶಿಫ್ಟ್ ಬಸ್‌ಗಳು. ಆ ಬಸ್‌ಗಳಲ್ಲಿ ನಿದ್ದೆ ಮಾಡ್ತಾ ಹೋಗೋರಲ್ಲಿ ಗಂಡಸರೂ ಇದ್ದಾರೆ, ಹೆಂಗಸರೂ ಇದ್ದಾರೆ. ಎಷ್ಟೋ ಮನೆಗಳಲ್ಲಿ ಇಬ್ಬರೂ ದುಡಿಯೋರೇ.

ಅಂಥ ಒಂದು ಮನೆ ಒಡೆದರೆ ಏನಾಗುತ್ತೆ ಅಂತ ಲೆಕ್ಕ ಹಾಕಿ ನೋಡಿ. ಅಪ್ಪನಿಗೆ ವಾರಕ್ಕೊಂದು ಶಿಫ್ಟ್ ಬದಲಾಗುತ್ತೆ: ಒಂದು ವಾರ ಫಸ್ಟ್, ಒಂದು ವಾರ ಸೆಕೆಂಡ್, ಒಂದು ವಾರ ನೈಟ್. ವಾರದ ರಜೆ ಬುಧವಾರ. ಕೋರ್ಟ್ ಆದೇಶದಲ್ಲಿ "ಪ್ರತಿ ಭಾನುವಾರ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಭೇಟಿ" ಅಂತ ಇದ್ದರೆ, ನೈಟ್ ಶಿಫ್ಟ್ ಮುಗಿಸಿ ಬಂದ ಅಪ್ಪ ಆ ಏಳು ಗಂಟೆಯಲ್ಲಿ ಮಗುವಿನ ಮುಂದೆ ಕೂತು ತೂಕಡಿಸ್ತಾನೆ. ಎರಡು ಸಲ ತಪ್ಪಿಸಿದರೆ "ಇವನಿಗೆ ಮಗುವಿನ ಮೇಲೆ ಆಸಕ್ತಿಯೇ ಇಲ್ಲ" ಅಂತ ಅರ್ಜಿಯಲ್ಲಿ ಬರುತ್ತೆ. ಆ ಕಡೆ ಅಮ್ಮನೂ ಶಿಫ್ಟ್‌ನಲ್ಲಿ ಇದ್ದರೆ "ರಾತ್ರಿ ಕೆಲಸಕ್ಕೆ ಹೋಗೋ ಹೆಂಗಸು ಮಗು ಹೇಗೆ ನೋಡ್ಕೋತಾಳೆ" ಅನ್ನೋ ವಾದ ತಯಾರಾಗಿರುತ್ತೆ. ಅಪ್ಪ ನೈಟ್ ಶಿಫ್ಟ್ ಮಾಡಿದರೆ ದುಡಿಮೆಗಾರ, ಅಮ್ಮ ಮಾಡಿದರೆ ಬೇಜವಾಬ್ದಾರಿ. ಇದನ್ನ ಎಂಟನೇ ಕ್ಲಾಸ್ ಮಗುವೂ ಒಪ್ಪಲ್ಲ.

ಮಗು ಎಲ್ಲಿರುತ್ತೆ ಹಾಗಾದರೆ? ಬಹಳ ಸಲ ಅಜ್ಜಿಯ ಹತ್ತಿರ. ಕೊಪ್ಪಳದಿಂದಲೋ ರಾಯಚೂರಿನಿಂದಲೋ ಇಲ್ಲಿಗೆ ಕೆಲಸಕ್ಕೆ ಬಂದವರು ಮಗುವನ್ನ ಊರಿಗೆ ಕಳಿಸಿಬಿಡ್ತಾರೆ. ಇಲ್ಲಿ ಒಂದು ಕಾನೂನಿನ ಅಂಶ ಇದೆ. 1890ರ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಮಗುವಿನ ಪೋಷಕತ್ವದ ಅರ್ಜಿ ಹಾಕಬೇಕಾದ್ದು ಮಗು ಸಾಮಾನ್ಯವಾಗಿ ವಾಸ ಮಾಡೋ ಊರಿನ ಕೋರ್ಟಿನಲ್ಲಿ. ಅಂದರೆ ಅಪ್ಪ-ಅಮ್ಮ ಇಬ್ಬರೂ ಹಾರೋಹಳ್ಳಿಯಲ್ಲಿ ಕೆಲಸದಲ್ಲಿದ್ದರೂ, ಮಗು ವರ್ಷಗಟ್ಟಲೆ ಅಜ್ಜಿ ಮನೆಯಲ್ಲಿದ್ದರೆ ಕೇಸು ಅಲ್ಲಿಗೆ ಹೋಗಬಹುದು. ಪ್ರತಿ ವಾಯಿದಾಗೂ ರಾತ್ರಿ ಬಸ್ಸು, ಒಂದು ದಿನ ಕೋರ್ಟು, ಮತ್ತೆ ರಾತ್ರಿ ಬಸ್ಸು. ಎರಡು ದಿನದ ಸಂಬಳ ಹೋಯ್ತು. ಹತ್ತಿರದ ಕೋರ್ಟೇ ಆದರೂ, ರಾಮನಗರಕ್ಕೆ ಹೋಗಲಿ, ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲಕ್ಕೆ ಹೋಗಲಿ, ಆ ದಿನದ ಹಾಜರಿ ಹೋದಂತೆಯೇ. ಶ್ರೀಮಂತರ ಡಿವೋರ್ಸ್‌ನಲ್ಲಿ ಮಗು ಯಾವ ಇಂಟರ್‌ನ್ಯಾಷನಲ್ ಸ್ಕೂಲಿಗೆ ಹೋಗಬೇಕು ಅಂತ ವಾದ ನಡೆಯುತ್ತೆ. ಇಲ್ಲಿ ಎಷ್ಟೋ ಜನ ವಾಯಿದಾಗೆ ಹೋಗೋಕೆ ಆಗದೆ ಮಗುವನ್ನೇ ಬಿಟ್ಟುಕೊಡೋ ಸ್ಥಿತಿ ಬರುತ್ತೆ.

ಈ ಜನರಿಗೆ ಹೇಳಲೇಬೇಕಾದ ಒಂದು ವಿಷಯ ಇದೆ, ಇದನ್ನ ನೀವೂ ನೆನಪಿಟ್ಟುಕೊಳ್ಳಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್‌ನಲ್ಲಿ ಉಚಿತ ವಕೀಲರನ್ನ ಪಡೆಯೋಕೆ ಯಾರು ಅರ್ಹರು ಅನ್ನೋ ಪಟ್ಟಿ ಇದೆ. ಅದರಲ್ಲಿ ಹೆಂಗಸರು, ಮಕ್ಕಳು ಇದ್ದಾರೆ. ಜೊತೆಗೆ ಕೈಗಾರಿಕಾ ಕಾರ್ಮಿಕರೂ ಇದ್ದಾರೆ. ಇವರಿಗೆ ಆದಾಯದ ಮಿತಿ ಇಲ್ಲ. ಅಂದರೆ ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ದುಡಿಯೋ ಅಪ್ಪ, ಅಮ್ಮ, ಅವರ ಮಗು, ಮೂವರೂ ಈ ಪಟ್ಟಿಯೊಳಗೆ ಬರ್ತಾರೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಪ್ರತಿ ಜಿಲ್ಲೆಯಲ್ಲೂ ಇದೆ, ಸಹಾಯವಾಣಿ 15100. ಕುಟುಂಬ ನ್ಯಾಯಾಲಯಗಳು ಬಂದಿದ್ದೇ 1984ರ ಕಾಯ್ದೆಯಿಂದ, ಕೇಸನ್ನ ಗುದ್ದಾಟ ಮಾಡದೆ ಆದಷ್ಟು ರಾಜಿಯಲ್ಲಿ ಮುಗಿಸೋಕೆ. ಅಲ್ಲಿ ವಕೀಲರು ಇರಲೇಬೇಕು ಅಂತಲೂ ಇಲ್ಲ. ಒಬ್ಬರು ಕೇಳಿಕೊಂಡರೂ ವಿಚಾರಣೆಯನ್ನ ಮುಚ್ಚಿದ ಬಾಗಿಲ ಹಿಂದೆ ನಡೆಸಬೇಕು. ಇದೆಲ್ಲ ಗೊತ್ತಿಲ್ಲದ ಕಾರಣಕ್ಕೆ ಸಾಲ ಮಾಡಿ ಕೇಸು ನಡೆಸೋರಿದ್ದರೆ ಅದು ಅವರ ತಪ್ಪಲ್ಲ, ಹೇಳದವರ ತಪ್ಪು.

ಇನ್ನೊಂದು ಉಪಯೋಗದ ವಿಷಯ: ಸುಪರ್ದಿ ಆದೇಶ ಕಲ್ಲಿನ ಮೇಲೆ ಕೆತ್ತಿದ ಶಾಸನ ಅಲ್ಲ. ಮಗುವಿನ ಪರಿಸ್ಥಿತಿ ಬದಲಾದರೆ ಆದೇಶವನ್ನೂ ಬದಲಿಸಬಹುದು ಅಂತ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. 2020ರ ಯಶಿತಾ ಸಾಹು ಪ್ರಕರಣದಲ್ಲಿ, ದೂರ ಇರೋ ಅಪ್ಪನೋ ಅಮ್ಮನೋ ಮಗುವಿನ ಜೊತೆ ದಿನಾ 5-10 ನಿಮಿಷ ಫೋನಿನಲ್ಲೋ ವಿಡಿಯೋ ಕಾಲ್‌ನಲ್ಲೋ ಮಾತಾಡೋಕೆ ಅವಕಾಶ ಇರಬೇಕು ಅಂತ ಹೇಳಿತು. ಹಾಗಿದ್ದ ಮೇಲೆ ಭೇಟಿಯ ದಿನವನ್ನ ಭಾನುವಾರದ ಬದಲು "ತಂದೆಯ ವಾರದ ರಜೆಯ ದಿನ, ಶಾಲೆ ಬಿಟ್ಟ ಮೇಲೆ" ಅಂತ ಬರೆಯೋಕೆ ಏನು ಕಷ್ಟ? ಶಿಫ್ಟ್ ಚಾರ್ಟನ್ನ ಕೋರ್ಟಿಗೆ ಕೊಟ್ಟು ಇದನ್ನ ಕೇಳಬಹುದು. ಕೇಳಬೇಕು.

ಹದಿನೆಂಟು ತುಂಬಿದ ಮೇಲೆ

ಈಗ ನಮ್ಮ ಸ್ವಂತ ವಿಷಯ. ನಮ್ಮಲ್ಲಿ ಹೆಚ್ಚಿನವರಿಗೆ ಹದಿನೆಂಟು, ಹತ್ತೊಂಬತ್ತು. ಕಾನೂನಿನ ಲೆಕ್ಕದಲ್ಲಿ ನಾವು ಮಕ್ಕಳಲ್ಲ. ಓಟು ಹಾಕಬಹುದು, ಲೈಸೆನ್ಸ್ ತಗೋಬಹುದು, ಸುಪರ್ದಿ ಅನ್ನೋ ಪದ ನಮಗೆ ಅನ್ವಯಿಸಲ್ಲ. ಇಲ್ಲಿವರೆಗೆ ಖುಷಿ.

ಆದರೆ ಹದಿನೆಂಟು ತುಂಬೋದು ಯಾವಾಗ? ಸರಿಯಾಗಿ ಸೀಟು ಸಿಗೋ ಹೊತ್ತಿಗೆ. ಸಿಇಟಿ ಆಯ್ತು, ಕೌನ್ಸೆಲಿಂಗ್ ಆಯ್ತು, ಕಾಲೇಜ್ ಫೀಸು, ಹಾಸ್ಟೆಲ್ ಫೀಸು, ಲ್ಯಾಪ್‌ಟಾಪು. ಹುಟ್ಟಿದಾಗಿನಿಂದ ಇಷ್ಟು ದೊಡ್ಡ ಖರ್ಚು ಇದೇ ಮೊದಲು. ಆಗಲೇ ಜೀವನಾಂಶ ನಿಲ್ಲಬಹುದು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಮಗ ಅಪ್ಪ-ಅಮ್ಮನಿಂದ ಜೀವನಾಂಶ ಕೇಳೋಕೆ ಸಾಧ್ಯ ಇರೋದು ಅಪ್ರಾಪ್ತ ವಯಸ್ಸಿನವರೆಗೆ. ಮಗಳಿಗೆ, ತನ್ನನ್ನ ತಾನು ನೋಡಿಕೊಳ್ಳೋ ಆದಾಯ ಇಲ್ಲದಿದ್ದರೆ, ಮದುವೆ ಆಗೋವರೆಗೆ ಹಕ್ಕಿದೆ. ಹಳೇ ಸಿಆರ್‌ಪಿಸಿಯ 125ನೇ ಸೆಕ್ಷನ್‌ ಜಾಗಕ್ಕೆ 2024ರ ಜುಲೈ 1ರಿಂದ ಬಂದಿರೋ ಬಿಎನ್‌ಎಸ್‌ಎಸ್ 144ನೇ ಸೆಕ್ಷನ್‌ನಲ್ಲೂ ವಯಸ್ಕ ಮಕ್ಕಳಿಗೆ ಜೀವನಾಂಶ ಸಿಗೋದು ಅಂಗವೈಕಲ್ಯ ಅಥವಾ ಗಂಭೀರ ಅಸ್ವಸ್ಥತೆ ಇದ್ದರೆ ಮಾತ್ರ. ಅಂದರೆ ಒಂದೇ ಬೆಂಚಿನಲ್ಲಿ ಕೂತ ಇಬ್ಬರಲ್ಲಿ ಹುಡುಗಿಗೆ ಒಂದು ಕಾನೂನು ಹಿಡಿತ ಇದೆ, ಅದೂ ಮದುವೆ ಅನ್ನೋ ಲೆಕ್ಕದಲ್ಲಿ, ಓದಿನ ಲೆಕ್ಕದಲ್ಲಿ ಅಲ್ಲ. ಹುಡುಗನಿಗೆ ಅದೂ ಇಲ್ಲ. ಹದಿನೆಂಟಕ್ಕೆ ದುಡಿಯೋಕೆ ಹೋಗ್ತಿದ್ದ ಕಾಲದ ಲೆಕ್ಕ ಇದು. ಬಿಇ ಮುಗಿಯೋದು ಇಪ್ಪತ್ತೆರಡಕ್ಕೆ, ಬ್ಯಾಕ್‌ಲಾಗ್ ಇಲ್ಲದಿದ್ದರೆ.

ಆ ನಾಲ್ಕು ವರ್ಷದ ಹೊರೆ ಯಾರ ತಲೆಗೆ ಬೀಳುತ್ತೆ? ಯಾರ ಮನೆಯಲ್ಲಿ ಮಗು ಇದೆಯೋ ಅವರ ತಲೆಗೆ, ಹೆಚ್ಚಿನ ಕಡೆ ಅಮ್ಮನ ತಲೆಗೆ. ಕೆಲವು ಕಡೆ ಫೀಸು ಕೊಡೋ ಮನಸ್ಸಿರೋ ಅಪ್ಪ ಇರ್ತಾರೆ, ಆದರೆ "ನನ್ನ ಮನೆಗೆ ಬಂದು ಕೇಳಲಿ" ಅಂತಾರೆ. ಆಗ ಸೆಮಿಸ್ಟರ್ ಫೀಸೇ ಮಗುವನ್ನ ಎಳೆಯೋ ಹಗ್ಗ ಆಗುತ್ತೆ.

ಇದನ್ನ ಸುಪ್ರೀಂ ಕೋರ್ಟ್ ಗಮನಿಸಿದೆ. 2021ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರದ ನೌಕರರೊಬ್ಬರ ಪ್ರಕರಣ ಅದರ ಮುಂದೆ ಬಂತು. ಈಗಿನ ಕಾಲದಲ್ಲಿ ಹದಿನೆಂಟರವರೆಗೆ ನೋಡಿಕೊಂಡರೆ ಸಾಲದು, ಪದವಿ ಮುಗಿಯೋದು ಅದರ ನಂತರ, ಆದ್ದರಿಂದ ಮಗ ಮೊದಲ ಪದವಿ ಮುಗಿಸೋವರೆಗೆ ಕೊಡಬೇಕು ಅಂತ ನ್ಯಾಯಪೀಠ ಹೇಳಿತು. ತಿಂಗಳ ಮೊತ್ತವನ್ನ ಕಡಿಮೆ ಮಾಡಿತು, ಆದರೆ ಅವಧಿಯನ್ನ ಓದಿಗೆ ಜೋಡಿಸಿತು. ನಮಗೆ ಇದು ಬಹಳ ನ್ಯಾಯವಾದ ಲೆಕ್ಕ ಅನ್ನಿಸುತ್ತೆ: ಕೊಡೋರ ಶಕ್ತಿಗೆ ತಕ್ಕ ಮೊತ್ತ, ಪಡೆಯೋರ ಓದಿಗೆ ತಕ್ಕ ಅವಧಿ. ಆದರೆ ಅದು ಒಂದು ಕೇಸಿನ ಆದೇಶ. ಉಳಿದವರು ಮತ್ತೆ ಕೋರ್ಟು ಹತ್ತಿ, ಮತ್ತೆ ವಾದ ಮಾಡಿ ಪಡೀಬೇಕು. ಅಷ್ಟರಲ್ಲಿ ಎಂಟು ಸೆಮಿಸ್ಟರ್ ಮುಗಿದಿರುತ್ತೆ.

ಇದಕ್ಕೆ ಪರಿಹಾರ ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಅದೇ 257ನೇ ವರದಿಯಲ್ಲಿ ಕಾನೂನು ಆಯೋಗ ಬರೆದಿಟ್ಟಿದೆ: ಮಗುವಿನ ಪೋಷಣೆಯ ಹಣ 18ರವರೆಗೆ ಇರಲಿ, ಅಗತ್ಯ ಕಂಡರೆ ಕೋರ್ಟ್ ಅದನ್ನ 25ರವರೆಗೆ ವಿಸ್ತರಿಸಲಿ, ಅಂಗವೈಕಲ್ಯ ಇದ್ದರೆ ಅದಕ್ಕೂ ಮುಂದೆ. ವರದಿ ಬಂದಾಗ ನಾವು ಪ್ರೈಮರಿ ಸ್ಕೂಲಲ್ಲಿದ್ದೆವು. ನಾವು ದೊಡ್ಡವರಾದೆವು, ವರದಿ ಕಪಾಟಿನಲ್ಲೇ ಇದೆ.

"ಹದಿನೆಂಟಾದ ಮೇಲೆ ಎಜುಕೇಷನ್ ಲೋನ್ ತಗೊಳ್ಳಿ, ಪಾರ್ಟ್ ಟೈಮ್ ಮಾಡಿ, ಅಪ್ಪನ ದುಡ್ಡೇ ಯಾಕೆ?" ಅಂತ ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ಇಷ್ಟೇ: ಒಂದೇ ಮನೆಯಲ್ಲಿರೋ ಅಪ್ಪ-ಅಮ್ಮನನ್ನ ಯಾರೂ ಈ ಪ್ರಶ್ನೆ ಕೇಳಲ್ಲ. ಅವರು ಮಗನ ಫೀಸು ಕಟ್ಟೋದು ಕಾನೂನಿಗೆ ಹೆದರಿ ಅಲ್ಲ. ಜೊತೆಯಲ್ಲಿದ್ದಾಗ ಸಹಜವಾಗಿ ಮಾಡ್ತಿದ್ದ ಕೆಲಸವನ್ನ ಬೇರೆಯಾದ ಮೇಲೂ ಮಾಡಿ ಅಂತ ಕೇಳೋದು ಅತಿಯಾಸೆ ಅಲ್ಲ. ಅವರು ಒಬ್ಬರಿಗೊಬ್ಬರು ಡಿವೋರ್ಸ್ ಕೊಟ್ಟಿದ್ದಾರೆ. ನಮಗೆ ಕೊಟ್ಟಿಲ್ಲವಲ್ಲ.

ನಾವು ಕೇಳೋದು

ಕಾನೂನು ಮಾಡೋರಿಗೆ: 2015ರ ಶಿಫಾರಸನ್ನ ಕಪಾಟಿನಿಂದ ತೆಗೀರಿ. ಜಂಟಿ ಸುಪರ್ದಿಗೂ, ಪದವಿಯವರೆಗಿನ ಖರ್ಚಿಗೂ ಕಾಯ್ದೆಯಲ್ಲೇ ಜಾಗ ಕೊಡಿ, ಮಗ-ಮಗಳು ಅನ್ನೋ ಭೇದ ಇಲ್ಲದೆ.

ಕೋರ್ಟುಗಳಿಗೆ: ಮಗುವಿನ ಮಾತು ಕೇಳಿ. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನ ಪರಿಗಣಿಸಬಹುದು ಅಂತ 1890ರ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತೆ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯೂ ಅದನ್ನೇ ಹೇಳುತ್ತೆ. ಆದರೆ "ಅಪ್ಪ ಬೇಕಾ, ಅಮ್ಮ ಬೇಕಾ?" ಅಂತ ಕೇಳಬೇಡಿ. "ಸ್ಕೂಲು ಹತ್ತಿರ ಇದೆಯಾ, ಸಂಜೆ ಯಾರಿರ್ತಾರೆ, ಯಾರ ಹತ್ತಿರ ಓದು ಕೇಳ್ತೀಯ?" ಅಂತ ಕೇಳಿ. ಮಗು ಸರಿಯಾದ ಉತ್ತರ ಕೊಡುತ್ತೆ.

ಅಪ್ಪ-ಅಮ್ಮಂದಿರಿಗೆ: ದುಡ್ಡು ಕೊಡಲಿಲ್ಲ ಅಂತ ಭೇಟಿ ನಿಲ್ಲಿಸೋದು, ಭೇಟಿ ಕೊಡಲಿಲ್ಲ ಅಂತ ದುಡ್ಡು ನಿಲ್ಲಿಸೋದು ಎರಡೂ ಬೇಡ. ಎರಡೂ ಮಗುವಿಗೆ ಸೇರಬೇಕಾದ್ದು, ನಿಮ್ಮ ನಡುವಿನ ವಿನಿಮಯ ಅಲ್ಲ. "ನಿಮ್ಮಪ್ಪನಿಗೆ ಹೇಳು", "ನಿಮ್ಮಮ್ಮನ್ನ ಕೇಳು" ಅಂತ ಮಕ್ಕಳನ್ನ ಕೊರಿಯರ್ ಮಾಡಬೇಡಿ.

ನಮ್ಮ ಕಾಲೇಜುಗಳಿಗೆ: ಫಾರಂಗಳಲ್ಲಿ "ತಂದೆ ಅಥವಾ ತಾಯಿ ಅಥವಾ ಪೋಷಕರು" ಅಂತ ಒಂದು ಸಾಲು ಸಾಕು. 2016ರಿಂದ ಪಾಸ್‌ಪೋರ್ಟ್ ಅರ್ಜಿಗೇ ಅಪ್ಪ ಅಥವಾ ಅಮ್ಮ, ಒಬ್ಬರ ಹೆಸರು ಸಾಕು ಅಂತಾಗಿದೆ. ಲ್ಯಾಬ್ ರೆಕಾರ್ಡ್ ಕಳೆದುಹೋದದ್ದಕ್ಕೆ ಕೊಡೋ ಪತ್ರಕ್ಕೆ ಅಪ್ಪನ ಸಹಿಯೇ ಯಾಕೆ ಬೇಕು?

ಕೊನೆಯದಾಗಿ ನಮ್ಮ ನಮ್ಮಲ್ಲೇ. ಯಾರಾದರೂ ಗೆಳೆಯ-ಗೆಳತಿ ರಜೆಗೆ ಎಲ್ಲಿಗೆ ಹೋಗ್ತೀಯ ಅಂದಾಗ ಮಾತು ಬದಲಿಸಿದರೆ ಕೆದಕಬೇಡಿ. ಹೇಳೋಕೆ ಬಂದರೆ ಕೇಳಿಸಿಕೊಳ್ಳಿ, ಯಾರು ಸರಿ ಯಾರು ತಪ್ಪು ಅಂತ ತೀರ್ಪು ಕೊಡೋಕೆ ಹೋಗಬೇಡಿ. ಫೀಸಿನ ತೊಂದರೆ ಇದ್ದರೆ, ಮನೆಯಲ್ಲಿ ಕೇಸು ನಡೀತಿದ್ದರೆ 15100ಕ್ಕೆ ಕಾಲ್ ಮಾಡೋಕೆ ಜೊತೆಗೆ ಕೂತ್ಕೊಳ್ಳಿ. ನಾಳೆ ಹಾರೋಹಳ್ಳಿಗೆ ಇಂಟರ್ನ್‌ಶಿಪ್‌ಗೆ ಹೋದಾಗ ಲೈನ್‌ನಲ್ಲಿ ಕೆಲಸ ಮಾಡೋ ಅಣ್ಣನೋ ಅಕ್ಕನೋ ವಾಯಿದಾ ಅಂತ ರಜೆ ಕೇಳ್ತಿದ್ದರೆ, ಕೈಗಾರಿಕಾ ಕಾರ್ಮಿಕರಿಗೆ ವಕೀಲರು ಉಚಿತ ಅನ್ನೋ ವಿಷಯ ಅವರಿಗೆ ಗೊತ್ತಾ ಅಂತ ಒಂದು ಸಲ ಕೇಳಿ. ಅದಕ್ಕೆ ಲಾ ಡಿಗ್ರಿ ಬೇಕಾಗಿಲ್ಲ.